ಆರೈಕೆ ಮನೆಗಳಲ್ಲಿ ಹಿರಿಯರ ಸುರಕ್ಷತೆ

ಸ್ನಾನ, ಉಡುಗೆ, ಶೌಚ, ಊಟ, ಹಾಸಿಗೆಯಿಂದ ಏಳುವುದು, ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳುವುದು ಮುಂತಾದ ನಿತ್ಯದ ಕೆಲಸಗಳಿಗೆ ಇನ್ನೊಬ್ಬರ ಕೈ ಬೇಕಾದ, ಆದರೆ ಆಸ್ಪತ್ರೆಯಲ್ಲೇ ಇರಬೇಕಾದಷ್ಟು ಕಾಯಿಲೆಯಿಲ್ಲದ ಹಿರಿಯರು ನೆಲೆಸುವ ಸ್ಥಳಕ್ಕೆ ಅಸಿಸ್ಟೆಡ್ ಲಿವಿಂಗ್ ಮನೆ ಅಥವಾ ಆರೈಕೆ ಮನೆ ಎಂಬ ಹೆಸರಿದೆ. ಊಟ ವಸತಿಯಷ್ಟನ್ನೇ ಕೊಡುವ ವೃದ್ಧಾಶ್ರಮಕ್ಕೂ ಹಗಲಿರುಳು ವೈದ್ಯಕೀಯ ಶುಶ್ರೂಷೆ ನೀಡುವ ನರ್ಸಿಂಗ್ ಹೋಮಿಗೂ ನಡುವೆ ಇದರ ಜಾಗ. ಇಲ್ಲಿಗೆ ಬರುವವರು ಮನೆಯಲ್ಲಿ ಒಮ್ಮೆ ಬಿದ್ದವರು, ಒಲೆ ಆರಿಸಲು ಮರೆತವರು, ಸಂಗಾತಿಯನ್ನು ಕಳೆದುಕೊಂಡು ಒಂಟಿಯಾದವರು. ಅವರನ್ನು ಕರೆತರುವ ಮಕ್ಕಳ ಮನಸ್ಸಿನಲ್ಲಿರುವುದು ಒಂದೇ ಮಾತು: ಅಪ್ಪ ಅಮ್ಮ ಸುರಕ್ಷಿತವಾಗಿರಬೇಕು. ಆ ಸುರಕ್ಷತೆ ಗೇಟಿನ ಬೀಗದಿಂದಲೂ ಕ್ಯಾಮೆರಾದಿಂದಲೂ ಬರುವುದು ಅಲ್ಪ. ಅದರ ಬಹುಪಾಲು ನಿಂತಿರುವುದು ಎಚ್ಚರವಿರುವ, ಹಿರಿಯರ ಹೆಸರು ಮತ್ತು ಅಭ್ಯಾಸಗಳನ್ನು ಬಲ್ಲ, ಸಾಕಷ್ಟು ಸಂಖ್ಯೆಯ ಜನರ ಮೇಲೆ. ಅದರಲ್ಲೂ ರಾತ್ರಿಯ ಪಾಳಿಯ ಮೇಲೆ.

ಹಿನ್ನೆಲೆ

ಈ ಬಗೆಯ ಮನೆಗಳು ರೂಪುಗೊಂಡದ್ದು ಅಮೆರಿಕದ ಆರೆಗಾನ್ ರಾಜ್ಯದಲ್ಲಿ. ವೃದ್ಧಾಪ್ಯವನ್ನು ಅಧ್ಯಯನ ಮಾಡಿದ್ದ ಕೆರೆನ್ ಬ್ರೌನ್ ವಿಲ್ಸನ್ 1980ರ ದಶಕದ ಆರಂಭದಲ್ಲಿ ಪೋರ್ಟ್‌ಲ್ಯಾಂಡ್ ನಗರದಲ್ಲಿ ಪಾರ್ಕ್ ಪ್ಲೇಸ್ ಎಂಬ ವಸತಿಯನ್ನು ತೆರೆದರು. ಪಾರ್ಶ್ವವಾಯುವಿನಿಂದ ನರ್ಸಿಂಗ್ ಹೋಮ್ ಸೇರಿದ್ದ ತಾಯಿ ಅಲ್ಲಿ ಕಳೆದ ವರ್ಷಗಳು ಅವರ ಯೋಚನೆಯ ಮೂಲ. ಪಾರ್ಕ್ ಪ್ಲೇಸಿನಲ್ಲಿ ಪ್ರತಿಯೊಬ್ಬರಿಗೂ ಸ್ವಂತ ಕೋಣೆ, ಪುಟ್ಟ ಅಡುಗೆ ಜಾಗ, ತಮ್ಮದೇ ಪೀಠೋಪಕರಣ ಇದ್ದವು. ಬಾಗಿಲಿನ ಬೀಗ ಒಳಗಿದ್ದವರ ಕೈಯಲ್ಲೇ ಇತ್ತು. ಕೈಲಾಗದ ಮುದುಕರಿಗೆ ಬೀಗ ಕೊಟ್ಟರೆ ಅನಾಹುತವಾಗುತ್ತದೆ ಎಂಬ ಆಕ್ಷೇಪ ಆಗಲೇ ಎದ್ದಿತು. ಸರ್ಕಾರ ನಿವಾಸಿಗಳ ಆರೋಗ್ಯದ ಮೇಲೆ ಕಣ್ಣಿಟ್ಟು ನೋಡಿದಾಗ, ಸ್ವಾತಂತ್ರ್ಯ ಸಿಕ್ಕಿದ್ದರಿಂದ ಅವರ ಆರೋಗ್ಯವೇನೂ ಕೆಡಲಿಲ್ಲ ಎಂಬುದು ಗೊತ್ತಾಯಿತು. ಮುಂದೆ ಈ ಮಾದರಿ ದೇಶದುದ್ದಕ್ಕೂ ಹಬ್ಬಿದಂತೆ ಹೆಸರು ಉಳಿಯಿತು, ಬೀಗದ ಕೈ ಮಾತ್ರ ಎಷ್ಟೋ ಕಡೆ ಮತ್ತೆ ಆಡಳಿತದವರ ಕೈ ಸೇರಿತು. ಅಮೆರಿಕದಲ್ಲಿ ನರ್ಸಿಂಗ್ ಹೋಮುಗಳಿಗೆ ಕೇಂದ್ರ ಸರ್ಕಾರದ ನಿಯಮಗಳಿವೆ. ಆರೈಕೆ ಮನೆಗಳ ನಿಯಂತ್ರಣ ಆಯಾ ರಾಜ್ಯಗಳದು, ಆದ್ದರಿಂದ ಒಂದು ರಾಜ್ಯದ ಕಟ್ಟುನಿಟ್ಟು ಪಕ್ಕದ ರಾಜ್ಯದಲ್ಲಿ ಇರಬೇಕೆಂದಿಲ್ಲ.

ಭಾರತದಲ್ಲಿ 2011ರ ಜನಗಣತಿಯ ಪ್ರಕಾರ 60 ದಾಟಿದವರು ಸುಮಾರು 10.4 ಕೋಟಿ. ಕೂಡು ಕುಟುಂಬಗಳು ಒಡೆದು, ಮಕ್ಕಳು ದೂರದ ಊರು ದೇಶಗಳಿಗೆ ಹೋದಂತೆ ಬೆಂಗಳೂರು, ಮೈಸೂರು, ಪುಣೆ, ಚೆನ್ನೈ, ಕೊಯಮತ್ತೂರು ಮುಂತಾದ ಕಡೆ ಆರೈಕೆ ಮನೆಗಳು ಬಂದವು. ಇವುಗಳಲ್ಲಿ ಹಲವು ವಾಸದ ಮನೆಗಾಗಿಯೇ ಕಟ್ಟಿದ, ಆಮೇಲೆ ಬಾಡಿಗೆಗೆ ಪಡೆದ ಎರಡು ಮೂರು ಅಂತಸ್ತಿನ ಕಟ್ಟಡಗಳಲ್ಲಿ ನಡೆಯುತ್ತವೆ. ಕಿರಿದಾದ ಮೆಟ್ಟಿಲು, ಎತ್ತರದ ಹೊಸ್ತಿಲು, ಜಾರುವ ಬಚ್ಚಲು, ಸ್ಟ್ರೆಚರ್ ತಿರುಗದ ಓಣಿ: ಅಪಾಯದ ಅರ್ಧ ಅಲ್ಲೇ ಇರುತ್ತದೆ.

ಬೀಳುವುದು

ಆರೈಕೆ ಮನೆಯಲ್ಲಿ ಅತಿ ಹೆಚ್ಚಾಗಿ ಆಗುವ ಅಪಘಾತ ಬೀಳುವುದೇ. ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯ ಪ್ರಕಾರ 65 ದಾಟಿದವರಲ್ಲಿ ಶೇ. 28ರಿಂದ 35ರಷ್ಟು ಮಂದಿ ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ. ದೀರ್ಘಕಾಲದ ಆರೈಕೆಯ ಸಂಸ್ಥೆಗಳಲ್ಲಿ ಈ ಪ್ರಮಾಣ ಶೇ. 30ರಿಂದ 50. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದ ಗಾಯದಿಂದ ಸಾಯುತ್ತಾರೆ ಎಂದೂ ಆ ಸಂಸ್ಥೆ ಅಂದಾಜು ಮಾಡಿದೆ. ಇವರಲ್ಲಿ 60 ದಾಟಿದವರೇ ಹೆಚ್ಚು. ತೊಡೆಮೂಳೆಯ ಮೇಲ್ತುದಿ ಮುರಿದು ಹಾಸಿಗೆ ಹಿಡಿದರೆ ಕಫ ಕಟ್ಟುವುದು, ಹಾಸಿಗೆ ಹುಣ್ಣು, ರಕ್ತ ಹೆಪ್ಪುಗಟ್ಟುವುದು ಒಂದರ ಹಿಂದೆ ಒಂದು ಬರುತ್ತವೆ. ಮೂಳೆ ಮುರಿಯದಿದ್ದರೂ ಒಮ್ಮೆ ಬಿದ್ದವರಿಗೆ ಮತ್ತೆ ಬೀಳುವ ಭಯ ಹತ್ತುತ್ತದೆ. ಆ ಭಯದಿಂದ ನಡೆಯುವುದನ್ನು ಬಿಡುತ್ತಾರೆ, ನಡೆಯದೆ ಕಾಲಿನ ಬಲ ಕುಂದುತ್ತದೆ, ಬಲ ಕುಂದಿದ್ದರಿಂದಲೇ ಮತ್ತೆ ಬೀಳುತ್ತಾರೆ.

ಬೀಳುವುದಕ್ಕೆ ವಯಸ್ಸೊಂದೇ ಕಾರಣವಲ್ಲ. ಮಲಗಿದವರು ಥಟ್ಟನೆ ಎದ್ದಾಗ ರಕ್ತದೊತ್ತಡ ಇಳಿದು ತಲೆ ಸುತ್ತುವುದು, ನಿದ್ರೆ ಮಾತ್ರೆಯ ಮಂಪರು, ಕಣ್ಣಿನ ಪೊರೆ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿಯುವುದು, ಸವೆದ ಹವಾಯಿ ಚಪ್ಪಲಿ, ಕಾಲಿಗೆ ತೊಡರುವ ಸೀರೆಯ ನೆರಿಗೆ ಅಥವಾ ಪಂಚೆಯ ಅಂಚು ಎಲ್ಲವೂ ಸೇರುತ್ತವೆ. ತೀರಾ ಅಪಾಯದ ಹೊತ್ತು ನಡುರಾತ್ರಿ. ಮೂತ್ರಕ್ಕೆ ಅವಸರವಾಗಿ ಎಚ್ಚರಾದ ಹಿರಿಯರು ಕರೆಗಂಟೆ ಒತ್ತುತ್ತಾರೆ; ಯಾರೂ ಬಾರದಿದ್ದರೆ ಹಾಸಿಗೆ ಒದ್ದೆಯಾಗುವ ಅವಮಾನಕ್ಕಿಂತ ತಾವೇ ಎದ್ದು ಹೋಗುವುದು ಮೇಲೆಂದು ಕತ್ತಲಲ್ಲಿ ಕಾಲಿಡುತ್ತಾರೆ. ಬಚ್ಚಲ ಬಾಗಿಲಲ್ಲಿ ಬಿದ್ದವರನ್ನು ‘ಹೇಳಿದ ಮಾತು ಕೇಳುವುದಿಲ್ಲ’ ಎಂದು ದೂರುವುದು ಸುಲಭ. ಕೇಳಬೇಕಾದದ್ದು ಗಂಟೆಗೆ ಎಷ್ಟು ಹೊತ್ತಿನಲ್ಲಿ ಉತ್ತರ ಬಂತು ಎಂಬುದನ್ನು.

ತಡೆಯುವ ದಾರಿಗಳು ದುಬಾರಿಯಲ್ಲ. ಕಮೋಡಿನ ಪಕ್ಕದಲ್ಲೂ ಸ್ನಾನದ ಜಾಗದಲ್ಲೂ ಗೋಡೆಗೆ ಭದ್ರವಾಗಿ ಕೂರಿಸಿದ ಹಿಡಿಕಂಬಿ (ಟವೆಲ್ ಸರಳು ಮನುಷ್ಯರ ಭಾರ ತಡೆಯದು), ಒರಟು ಹಾಸುಕಲ್ಲು, ಕೂತು ಸ್ನಾನ ಮಾಡಲು ಗಟ್ಟಿ ಕುರ್ಚಿ, ಹಾಸಿಗೆಯಿಂದ ಶೌಚಾಲಯದವರೆಗೆ ರಾತ್ರಿಯಿಡೀ ಉರಿಯುವ ಮಂದ ದೀಪ, ಕೂತಾಗ ಪಾದ ಪೂರ್ತಿ ನೆಲ ಮುಟ್ಟುವ ಎತ್ತರದ ಮಂಚ ಇವಿಷ್ಟರಿಂದಲೇ ಬಹಳ ಬದಲಾಗುತ್ತದೆ. ಮಲಗುವ ಮುನ್ನ ಮತ್ತು ರಾತ್ರಿ ಗೊತ್ತಾದ ಹೊತ್ತಿನಲ್ಲಿ ಶೌಚಕ್ಕೆ ಕರೆದೊಯ್ಯುವ ರೂಢಿ ಇನ್ನೂ ಹೆಚ್ಚು ಕೆಲಸ ಮಾಡುತ್ತದೆ. ಹೊಸದಾಗಿ ಬಂದವರ ನಡಿಗೆಯನ್ನು ಅಳೆಯಲು 1991ರಿಂದ ಬಳಕೆಯಲ್ಲಿರುವ ಸರಳ ಪರೀಕ್ಷೆಯೊಂದಿದೆ: ಕುರ್ಚಿಯಿಂದೆದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಇದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ಎಣಿಸುತ್ತಾರೆ. ಗಡಿಯಾರವೊಂದಿದ್ದರೆ ಯಾವ ಆರೈಕೆ ಮನೆಯಲ್ಲಾದರೂ ಇದನ್ನು ಮಾಡಬಹುದು.

ಬೀಳದಿರಲೆಂದು ಕಟ್ಟಿಹಾಕುವುದು, ಮಂಚಕ್ಕೆ ಅಡ್ಡಗಂಬಿ ಏರಿಸಿಬಿಡುವುದು ಹಳೆಯ ಪದ್ಧತಿ. ಕಟ್ಟಿದವರು ಬಿಡಿಸಿಕೊಳ್ಳಲು ಹೆಣಗಿ ಗಾಯಗೊಳ್ಳುತ್ತಾರೆ. ಕಂಬಿಯ ಮೇಲೆ ಹತ್ತಿದವರು ಇನ್ನಷ್ಟು ಎತ್ತರದಿಂದ ಬೀಳುತ್ತಾರೆ. ಕಂಬಿಗಳ ಸಂದಿಯಲ್ಲಿ ತಲೆ, ಕತ್ತು ಸಿಕ್ಕಿ ಸತ್ತ ಪ್ರಕರಣಗಳ ನಂತರ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2006ರಲ್ಲಿ ಅಂಥ ಸಂದಿ 120 ಮಿಲಿಮೀಟರಿಗಿಂತ ಕಡಿಮೆ ಇರಬೇಕೆಂದು ಸೂಚಿಸಿತು. ಅಲ್ಲಿನ 1987ರ ನರ್ಸಿಂಗ್ ಹೋಮ್ ಸುಧಾರಣಾ ಕಾಯಿದೆ, ಸಿಬ್ಬಂದಿಯ ಅನುಕೂಲಕ್ಕಾಗಿ ಹಗ್ಗದಿಂದಾಗಲಿ ಔಷಧದಿಂದಾಗಲಿ ಯಾರನ್ನೂ ಕಟ್ಟಿಹಾಕಬಾರದು ಎಂದು ಹೇಳಿತು. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಮಾನಸಿಕ ಅಸ್ವಸ್ಥರಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿಯಿಂದ ಮಾತ್ರ ದೈಹಿಕ ನಿರ್ಬಂಧಕ್ಕೆ ಅವಕಾಶ ಕೊಟ್ಟಿದೆ.

ಮಾತ್ರೆ ಮತ್ತು ಊಟ

ಬಿಪಿ, ಶುಗರ್, ಹೃದಯ, ಥೈರಾಯ್ಡ್, ಕೀಲುನೋವು ಎಂದು ಒಬ್ಬೊಬ್ಬ ಹಿರಿಯರ ಬಳಿ ಎಂಟು ಹತ್ತು ಬಗೆಯ ಮಾತ್ರೆಗಳಿರುವುದು ಸಾಮಾನ್ಯ. ಬೇರೆ ಬೇರೆ ವೈದ್ಯರು ಬೇರೆ ಬೇರೆ ಕಾಲದಲ್ಲಿ ಬರೆದವು ಅವು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದವರು ಇರುವುದಿಲ್ಲ. ಅಮೆರಿಕದ ವೈದ್ಯ ಮಾರ್ಕ್ ಬೀರ್ಸ್ 1991ರಲ್ಲಿ ವೃದ್ಧರಿಗೆ ಕೊಡದಿರುವುದೇ ಲೇಸಾದ ಔಷಧಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಮೊದಲು ಅದು ನರ್ಸಿಂಗ್ ಹೋಮಿನ ನಿವಾಸಿಗಳಿಗಾಗಿಯೇ ಆದ ಪಟ್ಟಿ. ಇಂದು ಅಮೆರಿಕದ ವೃದ್ಧವೈದ್ಯರ ಸಂಘ ಅದನ್ನು ಕಾಲಕಾಲಕ್ಕೆ ಪರಿಷ್ಕರಿಸುತ್ತದೆ. ಡಯಾಜೆಪಾಮ್‌ನಂಥ ನಿದ್ರೆ ಮಾತ್ರೆಗಳು, ನೆಗಡಿ ತುರಿಕೆಗೆಂದು ಕೊಡುವ ಹಳೆಯ ಬಗೆಯ ಅಲರ್ಜಿ ಮಾತ್ರೆಗಳು, ಸಕ್ಕರೆಯನ್ನು ಅತಿಯಾಗಿ ಇಳಿಸುವ ಗ್ಲಿಬೆನ್‌ಕ್ಲಮೈಡ್ ಅದರಲ್ಲಿವೆ. ಮೂರೂ ನಮ್ಮ ಮೆಡಿಕಲ್ ಶಾಪುಗಳಲ್ಲಿ ಚಿರಪರಿಚಿತ.

ಒಳ್ಳೆಯ ಆರೈಕೆ ಮನೆಯಲ್ಲಿ ಪ್ರತಿ ನಿವಾಸಿಗೂ ಫೋಟೋ ಸಹಿತ ಔಷಧ ಚೀಟಿ ಇರುತ್ತದೆ, ಮಾತ್ರೆ ಕೊಟ್ಟವರು ಹಿರಿಯರು ಅದನ್ನು ನುಂಗಿದ ಮೇಲೆ ಸಹಿ ಹಾಕುತ್ತಾರೆ, ಆಸ್ಪತ್ರೆಯಿಂದ ಮರಳಿದ ದಿನವೇ ಹಳೆಯ ಚೀಟಿ ಹೊಸ ಚೀಟಿ ಎರಡನ್ನೂ ಎದುರಿಗಿಟ್ಟು ಒಬ್ಬರು ನೋಡುತ್ತಾರೆ. ಹೀಗೆ ನೋಡದಿದ್ದಲ್ಲಿ ಒಂದೇ ಔಷಧ ಎರಡು ಕಂಪನಿಗಳ ಹೆಸರಿನಲ್ಲಿ ಎರಡು ಸಲ ಹೊಟ್ಟೆ ಸೇರುತ್ತದೆ. ಇನ್ಸುಲಿನ್ ವಿಷಯದಲ್ಲಿ ಎರಡು ಪಟ್ಟು ಎಚ್ಚರ ಬೇಕು: ಇನ್ಸುಲಿನ್ ಕೊಟ್ಟ ಮೇಲೆ ಊಟ ತಡವಾದರೆ, ಅಥವಾ ಹಿರಿಯರು ಅರ್ಧ ತಟ್ಟೆ ಬಿಟ್ಟರೆ, ಸಕ್ಕರೆ ಇಳಿದು ಬೆವರು, ಗಲಿಬಿಲಿ, ಪ್ರಜ್ಞೆ ತಪ್ಪುವುದು ಬೇಗ ಬೇಗ ಬರುತ್ತವೆ. ಮಂಪರೆಂದು ಮಲಗಲು ಬಿಟ್ಟರೆ ಬೆಳಗಾಗುವುದರೊಳಗೆ ಪ್ರಾಣವೇ ಹೋಗಬಹುದು.

ಊಟದಲ್ಲೂ ಅಪಾಯವಿದೆ. ಪಾರ್ಶ್ವವಾಯು, ಪಾರ್ಕಿನ್ಸನ್, ಮರೆವಿನ ಕಾಯಿಲೆ ಇರುವವರಿಗೆ ನುಂಗುವ ಸ್ನಾಯುಗಳ ಹೊಂದಾಣಿಕೆ ತಪ್ಪಿ ಅನ್ನ ನೆತ್ತಿಗೇರುತ್ತದೆ. ಶಬ್ದವಿಲ್ಲದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುವುದೂ ಉಂಟು. ಜಗತ್ತಿನ ಹಲವು ದೇಶಗಳು ಬಳಸುವ ಮಾನದಂಡವೊಂದು ಪಾನೀಯ ಮತ್ತು ಆಹಾರಗಳನ್ನು ಅವುಗಳ ಗಟ್ಟಿತನದ ಮೇಲೆ 0ರಿಂದ 7ರವರೆಗೆ ಎಂಟು ಹಂತಗಳಾಗಿ ವಿಂಗಡಿಸುತ್ತದೆ. ಕರ್ನಾಟಕದ ಅಡುಗೆಮನೆಗೆ ಇದನ್ನು ಒಗ್ಗಿಸಿಕೊಳ್ಳಬೇಕು. ರಾಗಿ ಮುದ್ದೆಯನ್ನು ಅಗಿಯದೆ ನುಂಗುವುದು ಬಾಲ್ಯದಿಂದ ಬಂದ ಅಭ್ಯಾಸ. ನುಂಗುವ ತೊಂದರೆ ಇರುವವರಿಗೆ ಅದೇ ಕುತ್ತು. ಅದೇ ರಾಗಿಯನ್ನು ಹದವಾದ ಅಂಬಲಿಯಾಗಿ, ನೆಟ್ಟಗೆ ಕೂರಿಸಿ, ಗದ್ದ ತುಸು ಬಗ್ಗಿಸಿ, ಚಮಚ ಚಮಚವಾಗಿ ಕೊಟ್ಟರೆ ರುಚಿಯೂ ಉಳಿಯುತ್ತದೆ. ನೀರಿನಂತೆ ತೆಳ್ಳಗಿರುವುದೇ ಸುಲಭ ಎಂಬುದು ತಪ್ಪು ತಿಳಿವಳಿಕೆ: ಅನೇಕರಿಗೆ ತೆಳುವಾದ ನೀರೇ ಹೆಚ್ಚು ಕೆಮ್ಮು ತರಿಸುತ್ತದೆ. ಯಾರಿಗೆ ಯಾವ ಹದ ಎಂಬುದನ್ನು ನುಂಗುವಿಕೆ ಪರೀಕ್ಷಿಸಬಲ್ಲ ವಾಕ್ ಚಿಕಿತ್ಸಕರು ಹೇಳಬೇಕು.

ಮರೆವು ಮತ್ತು ಬಾಗಿಲು

60 ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿತು. ಇಂಥವರಲ್ಲಿ ಹತ್ತಕ್ಕೆ ಆರು ಮಂದಿ ಒಮ್ಮೆಯಾದರೂ ದಾರಿ ತಪ್ಪಿ ಅಲೆಯುತ್ತಾರೆ ಎನ್ನುತ್ತದೆ ಅಮೆರಿಕದ ಆಲ್‌ಝೈಮರ್ಸ್ ಅಸೋಸಿಯೇಷನ್. ಸಂಜೆಯಾಗುತ್ತಲೇ ‘ಮನೆಗೆ ಹೋಗಬೇಕು, ಮಕ್ಕಳು ಸ್ಕೂಲಿನಿಂದ ಬರುವ ಹೊತ್ತು’ ಎಂದು ಚಡಪಡಿಸುವ ಅಜ್ಜಿಯ ಹೊರಡುವಿಕೆಗೆ ಅವರ ಲೋಕದಲ್ಲಿ ಕಾರಣವಿದೆ. ಅವರು ಗೇಟು ದಾಟಿ ರಸ್ತೆಗಿಳಿದರೆ ಪರಿಣಾಮ ಘೋರ. ಹಾಗೆಂದು ಕೋಣೆಗೆ ಹೊರಗಿನಿಂದ ಚಿಲಕ ಹಾಕಿದರೆ ಭೀತಿ, ಸಿಟ್ಟು ಹೆಚ್ಚಿ ಕಾಯಿಲೆ ಉಲ್ಬಣಿಸುತ್ತದೆ, ಬೆಂಕಿ ಬಿದ್ದಾಗ ಆ ಚಿಲಕವೇ ಮೃತ್ಯುವಾಗುತ್ತದೆ.

ನೆದರ್ಲೆಂಡ್ಸಿನ ವೇಸ್ಪ್ ಪಟ್ಟಣದಲ್ಲಿ 2009ರಲ್ಲಿ ತೆರೆದ ಹೊಗೆವೇಕ್ ಇದಕ್ಕೆ ಬೇರೆಯೇ ಉತ್ತರ ಕೊಟ್ಟಿತು. ಅದು ಡಿಮೆನ್ಶಿಯಾ ಇರುವವರಿಗಾಗಿಯೇ ಕಟ್ಟಿದ ಪುಟ್ಟ ಊರು: ಬೀದಿ, ಚೌಕ, ಅಂಗಡಿ, ಹೋಟೆಲು ಎಲ್ಲವೂ ಇದ್ದು, ಊರಿನ ಗಡಿಗೆ ಮಾತ್ರ ಕಾವಲು. ಒಳಗೆ ಎಲ್ಲಿ ಬೇಕಾದರೂ ನಡೆಯಬಹುದು. ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನ ಒಂದು ವೃದ್ಧರ ಮನೆಯ ಮುಂದೆ ಬಸ್ಸೇ ಬಾರದ ಬಸ್ ನಿಲ್ದಾಣವನ್ನು ನಿಲ್ಲಿಸಿದರು. ಮನೆಗೆ ಹೊರಟವರು ಅಲ್ಲಿ ಕೂರುತ್ತಿದ್ದರು, ಸಿಬ್ಬಂದಿ ಬಂದು ಪಕ್ಕದಲ್ಲಿ ಕೂತು ಮಾತಾಡಿಸಿ ಒಳಗೆ ಕರೆದೊಯ್ಯುತ್ತಿದ್ದರು. ಹಿರಿಯರಿಗೆ ಸುಳ್ಳು ಹೇಳಿದಂತೆ ಎಂಬ ಟೀಕೆಯೂ ಇದಕ್ಕೆ ಬಂದಿದೆ. ಬಸ್ ನಿಲ್ದಾಣಕ್ಕಿಂತ ಪಕ್ಕದಲ್ಲಿ ಕೂರಲು ಒಬ್ಬರಿಗೆ ಬಿಡುವಿದ್ದದ್ದೇ ಅಲ್ಲಿ ಕೆಲಸ ಮಾಡಿದ್ದು ಎಂದು ತೋರುತ್ತದೆ. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಶಿಯಾ ಇರುವವರಿಗಾಗಿಯೇ ಆರೈಕೆ ಕೇಂದ್ರ ನಡೆಸುತ್ತಿದೆ. ಸಾಮಾನ್ಯ ಆರೈಕೆ ಮನೆಗಳಲ್ಲಿ ಬಾಗಿಲು ತೆರೆದಾಗ ಸದ್ದು ಮಾಡುವ ಗಂಟೆ, ಸುತ್ತಿ ಬರಲು ಬೇಲಿಯೊಳಗಿನ ಕೈತೋಟ, ಹೆಸರು ಮತ್ತು ಫೋನ್ ನಂಬರಿನ ಕೈಪಟ್ಟಿ, ಇತ್ತೀಚಿನ ಫೋಟೋ ಇಷ್ಟಾದರೂ ಇರಲೇಬೇಕು.

ಬೆಂಕಿ

ಆರೈಕೆ ಮನೆಯ ಬೆಂಕಿ ಅನಾಹುತಗಳ ವರದಿಗಳನ್ನು ಓದಿದರೆ ದೇಶ ಬೇರೆಯಾದರೂ ಹೊತ್ತು ಒಂದೇ. 2004ರ ಜನವರಿ 31ರಂದು ಸ್ಕಾಟ್ಲೆಂಡಿನ ಅಡಿಂಗ್‌ಸ್ಟನ್ ಪಟ್ಟಣದ ರೋಸ್‌ಪಾರ್ಕ್ ಆರೈಕೆ ಮನೆಯಲ್ಲಿ ಬೆಳಗಿನ ಜಾವ ಕಪಾಟೊಂದರಲ್ಲಿ ಹೊತ್ತಿದ ಬೆಂಕಿಯ ಹೊಗೆಗೆ 14 ಹಿರಿಯರು ಬಲಿಯಾದರು. ಕೋಣೆಗಳ ಬಾಗಿಲು ತೆರೆದಿದ್ದವು, ಅಗ್ನಿಶಾಮಕ ದಳಕ್ಕೆ ಕರೆ ಹೋಗುವುದು ತಡವಾಯಿತು. 2014ರ ಜನವರಿ 23ರ ನಡುರಾತ್ರಿ ಕಳೆದ ಮೇಲೆ ಕೆನಡಾದ ಕ್ವಿಬೆಕ್ ಪ್ರಾಂತದ ಲಿಲ್-ವೆರ್ತ್ ಎಂಬ ಪುಟ್ಟ ಊರಿನ ಹಿರಿಯರ ವಸತಿ ಹೊತ್ತಿ 32 ಮಂದಿ ತೀರಿಕೊಂಡರು. ಕಟ್ಟಡದ ಹಳೆಯ ಭಾಗದಲ್ಲಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರಲಿಲ್ಲ. ಬೆಂಕಿ ತಡೆಯುವ ಗೋಡೆಯಾಚೆಗಿನ ಹೊಸ ಭಾಗ ಉಳಿಯಿತು. ಆ ಮೇಲೆ ಕ್ವಿಬೆಕ್ ಹಿರಿಯರ ವಸತಿಗಳಲ್ಲಿ ಸ್ಪ್ರಿಂಕ್ಲರ್ ಕಡ್ಡಾಯ ಮಾಡಲು ಮುಂದಾಯಿತು. 2023ರ ಜನವರಿ 1ರ ಬೆಳಗಿನ ಜಾವ ದೆಹಲಿಯ ಗ್ರೇಟರ್ ಕೈಲಾಶ್‌ನ ಆರೈಕೆ ಮನೆಯೊಂದರಲ್ಲಿ ಬೆಂಕಿ ಬಿದ್ದು ಇಬ್ಬರು ವೃದ್ಧೆಯರು ಸತ್ತರು.

ರಾತ್ರಿ ಮೂರಕ್ಕೆ ಇಬ್ಬರು ಆಯಾಗಳು ಮಾತ್ರ ಇರುವ ಕಟ್ಟಡದಿಂದ ಇಪ್ಪತ್ತು ಹಿರಿಯರನ್ನು ಮೆಟ್ಟಿಲಿಳಿಸಿ ಹೊರತರುವುದು ಆಗದ ಮಾತು. ಅದಕ್ಕೇ ತಜ್ಞರು ಒಂದೇ ಅಂತಸ್ತಿನಲ್ಲಿ ಬೆಂಕಿ ತಡೆಯುವ ಬಾಗಿಲಿನಾಚೆಗೆ ಸಾಗಿಸುವ ಕ್ರಮವನ್ನು ಹೇಳುತ್ತಾರೆ. ಯಾರು ನಡೆಯಬಲ್ಲರು, ಯಾರಿಗೆ ಗಾಲಿಕುರ್ಚಿ, ಯಾರನ್ನು ಕಂಬಳಿಯ ಮೇಲೆ ಎಳೆದೊಯ್ಯಬೇಕು ಎಂದು ಒಬ್ಬೊಬ್ಬರ ಹೆಸರಿನಲ್ಲೂ ಮೊದಲೇ ಬರೆದಿಟ್ಟು, ರಾತ್ರಿ ಪಾಳಿಯವರಿಂದಲೇ ಅಭ್ಯಾಸ ಮಾಡಿಸಬೇಕು. ಹಗಲು ಹನ್ನೊಂದಕ್ಕೆ ಎಲ್ಲ ಸಿಬ್ಬಂದಿ ಸೇರಿ ಮಾಡುವ ಅಣಕು ಪ್ರದರ್ಶನದಿಂದ ಏನೂ ತಿಳಿಯದು. ಭಾರತದ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ವೃದ್ಧರ ಮನೆಗಳನ್ನು ವಾಸದ ಮನೆಗಳೊಂದಿಗೆ ಸೇರಿಸದೆ ಸಾಂಸ್ಥಿಕ ಕಟ್ಟಡಗಳ ಗುಂಪಿನಲ್ಲಿಟ್ಟಿದೆ. ಬಾಡಿಗೆ ಮನೆಯಲ್ಲಿ ಆರೈಕೆ ಕೇಂದ್ರ ತೆರೆಯುವವರು ಇದನ್ನು ನೆನಪಿಡಬೇಕು.

ಕರೆಂಟು ಹೋಗುವುದೂ ಕೊಲ್ಲಬಲ್ಲದು. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತದ ನಂತರ ಫ್ಲಾರಿಡಾದ ಹಾಲಿವುಡ್ ನಗರದ ನರ್ಸಿಂಗ್ ಹೋಮೊಂದರಲ್ಲಿ ಹವಾನಿಯಂತ್ರಣ ನಿಂತು, ಒಳಗಿನ ಸೆಕೆಗೆ ಸಿಕ್ಕ 12 ಮಂದಿ ಸತ್ತರು. ಎದುರಿಗೇ ದೊಡ್ಡ ಆಸ್ಪತ್ರೆಯಿತ್ತು. ಮರುವರ್ಷ ಆ ರಾಜ್ಯ ನರ್ಸಿಂಗ್ ಹೋಮು, ಆರೈಕೆ ಮನೆಗಳೆರಡಕ್ಕೂ ಜನರೇಟರ್ ಮತ್ತು ಇಂಧನದ ದಾಸ್ತಾನನ್ನು ಕಡ್ಡಾಯ ಮಾಡಿತು. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಬಾಯಾರಿಕೆಯ ಅರಿವೇ ಕುಂದಿದ ಹಿರಿಯರಿಗೆ ಗಂಟೆಗೊಮ್ಮೆ ಕೇಳಿ ನೀರು ಕುಡಿಸುವುದು ಇದೇ ಸಾಲಿಗೆ ಸೇರಿದ ಕೆಲಸ.

ಮನುಷ್ಯರಿಂದ ಬರುವ ಅಪಾಯ

ಆರೈಕೆ ಸಂಸ್ಥೆಗಳ ಸಿಬ್ಬಂದಿಯಲ್ಲಿ ಮೂವರಿಗೆ ಇಬ್ಬರು ಹಿಂದಿನ ಒಂದು ವರ್ಷದಲ್ಲಿ ಯಾವುದಾದರೊಂದು ಬಗೆಯ ದೌರ್ಜನ್ಯ ಎಸಗಿದ್ದಾಗಿ ತಾವೇ ಒಪ್ಪಿಕೊಂಡಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗದರುವುದು, ಎಳೆದಾಡುವುದು, ಒದ್ದೆ ಬಟ್ಟೆಯಲ್ಲಿ ಬಿಡುವುದು, ಮಂಪರಿನ ಮಾತ್ರೆ ಕೊಟ್ಟು ಮಲಗಿಸುವುದು, ಪಿಂಚಣಿ ಹಣಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಎಲ್ಲವೂ ದೌರ್ಜನ್ಯವೇ. ಇದನ್ನು ಕೆಟ್ಟ ಮನುಷ್ಯರ ಕೆಲಸವೆಂದು ಮುಗಿಸಿಬಿಡಲಾಗದು. ಹನ್ನೆರಡು ಗಂಟೆಯ ಪಾಳಿ, ಕಡಿಮೆ ಸಂಬಳ, ತರಬೇತಿಯಿಲ್ಲದೆ ಹಳ್ಳಿಯಿಂದ ಅಥವಾ ಬೇರೆ ರಾಜ್ಯದಿಂದ ಬಂದು ಹಿರಿಯರ ಭಾಷೆಯೂ ತಿಳಿಯದ ಹುಡುಗಿ, ಅವಳೊಬ್ಬಳಿಗೆ ಹತ್ತು ಹದಿನೈದು ಮಂದಿಯ ಹೊಣೆ: ತಾಳ್ಮೆ ಎಲ್ಲಿಂದ ಬರಬೇಕು? ಅವಳಿಗೆ ನಿದ್ದೆ, ಊಟ, ಮರ್ಯಾದೆ ಸಿಗುವಂತೆ ನೋಡಿಕೊಳ್ಳುವುದೂ ಹಿರಿಯರ ಸುರಕ್ಷತೆಯ ಭಾಗ.

ಉದ್ದೇಶಪೂರ್ವಕ ಕೃತ್ಯಗಳೂ ನಡೆದಿವೆ. ಕೆನಡಾದ ಒಂಟೇರಿಯೊದ ನರ್ಸೊಬ್ಬಳು ವರ್ಷಗಳ ಕಾಲ ಇನ್ಸುಲಿನ್ ಚುಚ್ಚಿ ಎಂಟು ಮಂದಿಯನ್ನು ಕೊಂದದ್ದು, ಅವಳೇ ಒಪ್ಪಿಕೊಳ್ಳುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ಅದರ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಐಲೀನ್ ಗಿಲೀಸ್ 2019ರಲ್ಲಿ 91 ಶಿಫಾರಸುಗಳನ್ನು ಮಾಡಿದರು. ಟೆಕ್ಸಾಸಿನ ಡಲ್ಲಾಸ್ ಸುತ್ತಲಿನ ಹಿರಿಯರ ವಸತಿಗಳಲ್ಲಿ ರಿಪೇರಿಯವನೆಂದು ಬಾಗಿಲು ತಟ್ಟಿ ಒಡವೆಗಾಗಿ ವೃದ್ಧೆಯರನ್ನು ಉಸಿರುಗಟ್ಟಿಸಿ ಕೊಂದವನೊಬ್ಬ 2018ರಲ್ಲಿ ಸಿಕ್ಕಿಬಿದ್ದ. ಅಲ್ಲಿಯವರೆಗೆ ಅನೇಕ ಸಾವುಗಳನ್ನು ‘ವಯಸ್ಸಾಗಿತ್ತು’ ಎಂದು ಸಹಜ ಮರಣಕ್ಕೆ ಸೇರಿಸಿದ್ದರು. ಆರೈಕೆ ಮನೆಯ ಪ್ರತಿಯೊಂದು ಅನಿರೀಕ್ಷಿತ ಸಾವಿನ ಕಾರಣವನ್ನೂ ಕೇಳುವ ರೂಢಿ ಬೆಳೆಯಬೇಕು. ಅಮೆರಿಕದಲ್ಲಿ 1972ರಲ್ಲಿ ಪ್ರಯೋಗವಾಗಿ ಶುರುವಾಗಿ 1978ರಿಂದ ಎಲ್ಲ ರಾಜ್ಯಗಳಲ್ಲೂ ಕಡ್ಡಾಯವಾದ ಓಂಬುಡ್ಸ್‌ಮನ್ ವ್ಯವಸ್ಥೆ ಇಂಥ ದೂರುಗಳಿಗೆಂದೇ ಇದೆ. ಆಡಳಿತಕ್ಕೆ ಸೇರದ ಒಬ್ಬರು ಮನೆಯೊಳಗೆ ಬಂದು ನಿವಾಸಿಗಳೊಡನೆ ಒಂಟಿಯಾಗಿ ಮಾತಾಡಬಹುದು. ನಮಗೂ ಇದು ತುರ್ತಾಗಿ ಬೇಕು.

ಭಾರತದ ಕಾನೂನು

2007ರ ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯ 19ನೇ ವಿಧಿ, ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸಾಲುವ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರಗಳು ಹಂತಹಂತವಾಗಿ ಸ್ಥಾಪಿಸಬಹುದೆಂದೂ ಅವುಗಳ ನಿರ್ವಹಣೆಯ ಮಾನದಂಡಗಳನ್ನು ಗೊತ್ತುಮಾಡಬಹುದೆಂದೂ ಹೇಳುತ್ತದೆ. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ನಿವೃತ್ತರ ವಸತಿಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿತು. ಮಾರ್ಗಸೂಚಿ ಕಾನೂನಲ್ಲ. ರಾತ್ರಿ ಪಾಳಿಯಲ್ಲಿ ಎಷ್ಟು ನಿವಾಸಿಗಳಿಗೆ ಎಷ್ಟು ಮಂದಿ ಎಚ್ಚರವಿರಬೇಕು, ಬಿದ್ದ ಪ್ರತಿ ಘಟನೆಯನ್ನು ಎಲ್ಲಿ ದಾಖಲಿಸಬೇಕು, ಯಾರು ಬಂದು ತಪಾಸಣೆ ಮಾಡಬೇಕು ಎಂಬುದು ಕಾನೂನಿನ ಬಲದಿಂದ ನಿಲ್ಲುವವರೆಗೆ ಒಳ್ಳೆಯ ಮನೆಗಳು ತಮ್ಮ ಇಷ್ಟದಿಂದ ಒಳ್ಳೆಯವಾಗಿರುತ್ತವೆ, ಅಷ್ಟೆ.

ಆದ್ದರಿಂದ ಮನೆ ಆರಿಸುವ ಹೊಣೆ ಕುಟುಂಬದ ಮೇಲೆ ಬೀಳುತ್ತದೆ. ವಿದೇಶದಲ್ಲಿರುವ ಮಕ್ಕಳು ವೀಡಿಯೊ ಕರೆಯಲ್ಲಿ ಹೂದೋಟ, ಊಟದ ಕೋಣೆ ನೋಡಿ ಮುಂಗಡ ಕಟ್ಟುವುದುಂಟು. ಅದರ ಬದಲು ಊರಿನಲ್ಲಿರುವ ನೆಂಟರೊಬ್ಬರನ್ನು ಹೇಳದೆ ಕೇಳದೆ ರಾತ್ರಿ ಒಂಬತ್ತರ ಮೇಲೆ ಅಲ್ಲಿಗೆ ಕಳಿಸಬೇಕು. ಎಷ್ಟು ಮಂದಿ ಎಚ್ಚರವಿದ್ದಾರೆ, ಗಂಟೆ ಒತ್ತಿದರೆ ಯಾರು ಬರುತ್ತಾರೆ, ಬಚ್ಚಲು ಒಣಗಿದೆಯೆ, ತುರ್ತು ಬಾಗಿಲಿಗೆ ಬೀಗವಿದೆಯೆ, ಮಲಗಿದವರ ಕೈಗೆಟುಕುವಂತೆ ನೀರಿದೆಯೆ ಎಂದು ನೋಡಿ ಬರಲಿ. ಹಿರಿಯರನ್ನು ಸೇರಿಸಿದ ಮೇಲೂ ಹೋಗುತ್ತಿರಲಿ. ಆಗಾಗ ಯಾರಾದರೂ ಬಂದು ಕೇಳುವ ಹಿರಿಯರನ್ನು ಸಿಬ್ಬಂದಿ ಕಡೆಗಣಿಸುವುದು ಕಡಿಮೆ.

ದೌರ್ಜನ್ಯ, ನಿರ್ಲಕ್ಷ್ಯಗಳ ದೂರು ನೀಡಲು ಬೆಂಗಳೂರಿನಲ್ಲಿ ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ 2002ರಲ್ಲಿ ಆರಂಭಿಸಿದ ಹಿರಿಯರ ಸಹಾಯವಾಣಿಯ ಸಂಖ್ಯೆ 1090. ದೇಶದಾದ್ಯಂತದ ಎಲ್ಡರ್‌ಲೈನ್ ಸಂಖ್ಯೆ 14567. ಅದು ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಕೆಲಸ ಮಾಡುತ್ತದೆ. ಆ ಹೊತ್ತು ಮೀರಿದ ತುರ್ತಿಗೆ 112ಕ್ಕೆ ಕರೆ ಮಾಡಬೇಕು.